ಫಿನ್ಲೆಂಡ್ ಸೋತದ್ದು ಎಲ್ಲಿ?

ದೇಶದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ 2023ರಲ್ಲಿ ವೀಕ್ಷಕರು ಮೆಚ್ಚಿದರೂ ತೀರ್ಪುಗಾರರಿಂದಾಗಿ ಫಿನ್ಲೆಂಡಿಗೆ ಅನ್ಯಾಯವಾಯಿತು ಎನ್ನುತ್ತದೆ ನಾನು ಓದಿದ ಒಂದು ಲೇಖನ. ಅಂಕಗಳನ್ನು ಬಿಡಿಸಿ ನೋಡಿ. ವೀಕ್ಷಕರು ಫಿನ್ಲೆಂಡಿನ ಗಾಯಕ ಕ್ಯಾರಿಯಾಗೆ ಕೊಟ್ಟದ್ದು 376, ಗೆದ್ದ ಸ್ವೀಡನ್ನಿನ ಗಾಯಕಿ ಲೊರೀನ್‌ಗೆ 243. ತೀರ್ಪುಗಾರರಿಂದ ಬಂದದ್ದು ಕ್ರಮವಾಗಿ 150 ಮತ್ತು 340. ಒಟ್ಟು 526ಕ್ಕೆ 583. ತೀರ್ಪುಗಾರರ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇ ಸಿಕ್ಕಿದ್ದು 177! ಅಂದರೆ ಫಿನ್ಲೆಂಡನ್ನು ಯಾರೂ ತುಳಿಯಲಿಲ್ಲ, ಸ್ವೀಡನ್ ಒಂದೇ ಎಲ್ಲರಿಗಿಂತ ಬಹಳ ಮುಂದಿತ್ತು.

2023ರಲ್ಲಿ ಒಂದೊಂದು ದೇಶದಲ್ಲಿ ಐವರು ತೀರ್ಪುಗಾರರಿದ್ದರು. ಅವರು ಅಂಕ ಹಾಕುವುದು ಫೈನಲ್‌ ನೋಡಿ ಅಲ್ಲ, ಹಿಂದಿನ ರಾತ್ರಿಯ ಪೂರ್ವಾಭ್ಯಾಸ ನೋಡಿ. ಆ ರಾತ್ರಿ ಉಸಿರು ತಪ್ಪಿದರೆ ಮರುದಿನ ಎಷ್ಟು ಚೆನ್ನಾಗಿ ಹಾಡಿದರೂ ಹೋದ ಅಂಕ ವಾಪಸ್ ಬರುವುದಿಲ್ಲ. ಅಳೆಯುವುದು ಕಂಠ, ವೇದಿಕೆ, ರಚನೆಯ ಹೊಸತನ, ಒಟ್ಟಾರೆ ಪರಿಣಾಮ. ವಾದ್ಯ ಮೊದಲೇ ಧ್ವನಿಮುದ್ರಿಸಿದ್ದು, ಮುಖ್ಯ ಗಾಯನ ಮಾತ್ರ ನೇರ. ಹಾಗಾಗಿ ಕ್ಯಾರಿಯಾ ಹಾಡಿನಂತೆ ಮೂರು ನಿಮಿಷದಲ್ಲಿ ಅರ್ಧ ಕೂಗು-ರ್‍ಯಾಪ್ ಆದರೆ ಕಂಠ ತೋರಿಸಲು ಜಾಗವೇ ಕಡಿಮೆ.

ನನಗೆ ತಪ್ಪು ಕಾಣುವುದು ಅಂಕದ ಪದ್ಧತಿಯಲ್ಲಿ. ಒಂದು ದೇಶದ ಪಟ್ಟಿಯಲ್ಲಿ ಮೊದಲ ಹತ್ತು ಹಾಡುಗಳಿಗೆ ಮಾತ್ರ ಅಂಕ; ಹನ್ನೊಂದನೆಯದಾದರೂ ಕೊನೆಯದಾದರೂ ಸಿಗುವುದು ಸೊನ್ನೆಯೇ. ಎಲ್ಲರಿಗೂ ಸಾಧಾರಣವಾಗಿ ಹಿಡಿಸಿದ ಹಾಡು ಇಲ್ಲೇ ಮುಳುಗುತ್ತದೆ.