ಚೇಂಬರ್ ಮುಚ್ಚಿ ಅದರ ಮೇಲೆ ಅಡುಗೆಮನೆ

ಬೇಸಿಗೆ ಬಂತೆಂದರೆ ಕಲಬುರಗಿಯಲ್ಲಿ ಊರಿಗೆ ಊರೇ ಹಿತ್ತಲಲ್ಲಿ ಇನ್ನೊಂದು ರೂಮು ಎಬ್ಬಿಸುವ ಲೆಕ್ಕದಲ್ಲಿರುತ್ತದೆ. ಇರಲಿ. ಮಗನ ಮದುವೆ ಆಗುತ್ತದೆ, ಮಗಳು ಬಾಣಂತನಕ್ಕೆ ಬರುತ್ತಾಳೆ, ಬಾಡಿಗೆಗೆ ಕೊಟ್ಟರೆ ನಾಲ್ಕು ರೊಕ್ಕ ಬರುತ್ತದೆ. ಹಳೇ ಕಾಲದಲ್ಲಿ ಕಟ್ಟಿದ ಎರಡು ರೂಮಿನ ಮನೆ ಈಗಿನ ಸಂಸಾರಕ್ಕೆ ಎಲ್ಲಿ ಸಾಲುತ್ತದೆ? ನಾನು ಸಿವಿಲ್ ಡಿಪ್ಲೊಮಾ ಓದಿ ಸಣ್ಣಪುಟ್ಟ ಮನೆ ಕೆಲಸ ಮಾಡಿಸುವವನು. ಜನ ಮನೆ ದೊಡ್ಡದು ಮಾಡಿದರೇ ನನ್ನ ಹೊಟ್ಟೆ ತುಂಬೋದು. ಕಟ್ಟಬೇಡಿ ಅಂತ ಹೇಳೋಕೆ ಬಂದಿಲ್ಲ.

ನನ್ನದು ಒಂದೇ ತಕರಾರು. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪಿನ ಮೇಲೆ ಕಟ್ಟುವುದಾದರೆ ನೂರು ಸಲ ಯೋಚನೆ ಮಾಡಿ. ಆ ಪೈಪ್ ಕ್ಲೀನ್ ಮಾಡೋಕೆ ಅಲ್ಲಲ್ಲಿ ಮುಚ್ಚಳದ ಗುಂಡಿ ಇರುತ್ತದಲ್ಲ, ಆ ಚೇಂಬರ್ ಮೇಲೆ ಕಟ್ಟಲೇಬೇಡಿ. ಅದು ನಿಮ್ಮ ಕಾಂಪೌಂಡಿನೊಳಗೇ ಇದ್ದರೂ ನಿಮ್ಮೊಬ್ಬರದಲ್ಲ. ನಿಮಗಿಂತ ಮೇಲೆ, ಅಂದರೆ ಓಣಿಯ ಎತ್ತರದ ಕಡೆ ಇರುವ ಅಷ್ಟೂ ಮನೆಗಳ ಬಚ್ಚಲ ನೀರು ಅದರ ಮೂಲಕವೇ ಹೋಗಬೇಕು.

ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ಹಿಂದೆ ಒಂದು ಸಂದಿ ಬಿಟ್ಟಿರುತ್ತಾರೆ. ಬಚ್ಚಲು, ಸಂಡಾಸು ಎಲ್ಲ ಹಿಂದುಗಡೆ ಇರುತ್ತಿದ್ದ ಕಾಲ ಅದು. ಹಾಗಾಗಿ ಪೈಪೂ ಹಿಂದಿನಿಂದಲೇ ಹೋಯಿತು. ಸಂದಿ ಇಲ್ಲದ ಕಡೆ ಹಿತ್ತಲಿನಿಂದ ಹಿತ್ತಲಿಗೆ ಲೈನ್ ಎಳೆದು ಅಲ್ಲಲ್ಲಿ ಚೇಂಬರ್ ಕಟ್ಟಿದರು. ಆಮೇಲೆ ಒಬ್ಬರು ಸಂದಿಗೆ ತಗಡು ಹೊದಿಸಿ ಕಟ್ಟಿಗೆ ಒಟ್ಟಿದರು. ಪಕ್ಕದವರು ಗೋಡೆ ಎತ್ತಿದರು. ಅವರ ಪಕ್ಕದವರು ಸ್ಲ್ಯಾಬೇ ಹಾಕಿದರು. ಈಗ ಚೇಂಬರ್ ಎಲ್ಲಿದೆ ಅಂತ ಕೇಳಿದರೆ ಓಣಿಯ ಹಿರಿಯರು, "ಆ ಫ್ರಿಜ್ ಅದ ನೋಡ್ರಿ, ಅದರ ಕೆಳಗ" ಅಂತಾರೆ.

ಹೋದ ಮಳೆಗಾಲದಲ್ಲಿ ಅಂಥದ್ದೇ ಒಂದು ಓಣಿಗೆ ಕರೆದಿದ್ದರು. ಮೇಲಿನ ಮನೆಯ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ನೋಡ್ರಿ ಅಣ್ಣಾ, ಕೆಳಗ ಹೋಗೋ ನೀರು ಬಚ್ಚಲದಾಗಿಂದ ಮ್ಯಾಲ ಬರ್ಲಕತ್ತದ" ಅಂದರು. ಒಳಗೆ ಹೋದರೆ ಬಚ್ಚಲ ಜಾಲರಿ ಗುಳುಗುಳು ಅನ್ನುತ್ತಿತ್ತು. ನೀರಿನ ಮೇಲೆ ಸೋಪಿನ ನೊರೆ, ಅನ್ನದ ಅಗುಳು, ಹೇಳಬಾರದ ಇನ್ನೂ ಏನೇನೋ. ಅದರಲ್ಲಿ ಒಂದು ಅಗುಳೂ ಆ ಮನೆಯದಲ್ಲ. ಕ್ಲೀನ್ ಮಾಡುವವರು ಬಂದು ಮೇಲಿನ ಚೇಂಬರಿನಿಂದ ಬಿದಿರಿನ ಪಟ್ಟಿ ತಳ್ಳಿದರು. ಸ್ವಲ್ಪ ದೂರ ಹೋಗಿ ನಿಂತಿತು. ಕೆಳಗಿನ ಚೇಂಬರಿನಿಂದ ತಳ್ಳೋಣ ಅಂದರೆ ಅದು ನಾಲ್ಕನೇ ಮನೆಯ ಅಡುಗೆಮನೆಯಲ್ಲಿ, ಪರ್ಸಿ ಕಲ್ಲಿನ ಅಡಿಯಲ್ಲಿದೆ. ಮನೆ ಯಜಮಾನರು ಖಡಾಖಂಡಿತವಾಗಿ, "ಇಲ್ಲಿ ಚೇಂಬರೇ ಇಲ್ಲ" ಅಂದರು. ಅವರ ಅಜ್ಜಿ ಒಳಗಿಂದ, "ಅದ, ಅದ, ಒಲಿ ಕಟ್ಟಿ ಕೆಳಗ ಅದ" ಅಂತ ಕೂಗಿದರು. ಆ ಅಜ್ಜಿಗೆ ನನ್ನ ಶರಣು.

ಪರ್ಸಿ ಎಬ್ಬಿಸುವಷ್ಟರಲ್ಲಿ ಸಂಜೆ ಆಯಿತು. ಜಗಳ ಮಾತ್ರ ಈಗಲೂ ನಡೆದಿದೆ.

ಇಂಥ ಸಣ್ಣ ಲೈನಿಗೆ ಹೆಚ್ಚೆಂದರೆ 30 ಮೀಟರಿಗೆ ಒಂದು ಮ್ಯಾನ್‌ಹೋಲ್, ಅಂದರೆ ಇಂಥದ್ದೇ ಚೇಂಬರ್, ಇರಬೇಕು ಅಂತ ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ (ನೀರು-ಒಳಚರಂಡಿ ಎಂಜಿನಿಯರಿಂಗ್ ಸಂಸ್ಥೆ) ಕೈಪಿಡಿ ಹೇಳುತ್ತದೆ. ಪೈಪ್ ತಿರುಗುವ ಕಡೆ, ಇನ್ನೊಂದು ಲೈನ್ ಬಂದು ಸೇರುವ ಕಡೆ, ಇಳಿಜಾರು ಬದಲಾಗುವ ಕಡೆಯೂ ಬೇಕು. ಪಟ್ಟಿ, ರಾಡು ತಳ್ಳಿದರೆ ಇಷ್ಟು ದೂರವೇ ಮುಟ್ಟೋದು ಅನ್ನುವ ಲೆಕ್ಕದ ಮೇಲೆ ಮಾಡಿದ ನಿಯಮ ಅದು. ನಡುವಿನ ಒಂದು ಮುಚ್ಚಿದರೆ ದೂರ ಎರಡರಷ್ಟಾಗುತ್ತದೆ. ಕಸ ಮಾತ್ರ ಸರಿಯಾಗಿ ನಡುವೆಯೇ ಕೂರುತ್ತದೆ.

ಇನ್ನು ನಮ್ಮ ಮಣ್ಣಿನ ವಿಷಯ. ಬೆಂಗಳೂರಿನ ಯೂಟ್ಯೂಬ್ ನೋಡಿ ಮನೆ ಕಟ್ಟುವವರು ಇದನ್ನು ಮರೆಯುತ್ತಾರೆ. ಅಲ್ಲಿನ ಕೆಂಪು ಮಣ್ಣು ಬೇರೆ, ನಮ್ಮ ಎರೆ ಮಣ್ಣು ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಜೇವರ್ಗಿ ಕಡೆ ಹೊಲಕ್ಕೆ ಹೋಗಿ ನೋಡಿ, ಬಿರುಕಿನಲ್ಲಿ ಕೈ ಇಳಿಸಬಹುದು. ಅದಕ್ಕೇ ಇಲ್ಲಿ ತಿಳಿದ ಗೌಂಡಿಗಳು ಎರೆ ದಾಟಿ ಮುರುಮ್ ಅಥವಾ ಗಟ್ಟಿ ಪದರ ಸಿಗುವ ತನಕ ಪಾಯ ತೋಡುತ್ತಾರೆ. ಈಗ ಆ ಪಾಯದ ಪಕ್ಕದಲ್ಲೇ ಒಂದು ಹಳೇ ಪೈಪ್ ಸೋರುತ್ತಿದೆ ಅಂದುಕೊಳ್ಳಿ. ಆ ಮೂಲೆಯ ಮಣ್ಣು ವರ್ಷವಿಡೀ ಹಸಿ. ಇನ್ನೊಂದು ಮೂಲೆ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಒಂದು ಕಡೆ ಎತ್ತುತ್ತದೆ, ಒಂದು ಕಡೆ ಇಳಿಯುತ್ತದೆ. ಮನೆ ಏನು ಮಾಡಬೇಕು? ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಆ ಸೀಳಿಗೆ ಜನ ವರ್ಷಾ ವರ್ಷಾ ಪುಟ್ಟಿ ತುಂಬಿ ಪೇಂಟ್ ಹೊಡೆಸುತ್ತಾರೆ, ಮತ್ತೆ ಸೀಳುತ್ತದೆ. ಆಮೇಲೆ ವಾಸ್ತು ನೋಡುವವರನ್ನು ಕರೆಸುತ್ತಾರೆ. ಅದಕ್ಕೂ ಮೊದಲು ಒಂದ್ಸಲ ಪೈಪ್ ನೋಡಿಸಬಾರದಾ?

ಹಾಗಾದರೆ ಆ ಪೈಪ್ ಸೋರೋದು ಯಾಕೆ? ಬಹಳ ಸಲ ನಮ್ಮ ಪಾಯದಿಂದಲೇ. ಹಳೇ ಲೈನ್‌ಗಳಲ್ಲಿ ಸ್ಟೋನ್‌ವೇರ್ ಪೈಪ್ ಇರುತ್ತದೆ, ಕಂದು ಬಣ್ಣದ್ದು, ಹೊಳೆಯುವಂಥದ್ದು. ಸಣ್ಣ ಸಣ್ಣ ತುಂಡುಗಳು, ಪ್ರತಿ ತುಂಡಿಗೂ ಸಿಮೆಂಟಿನ ಜಾಯಿಂಟ್. ಪಕ್ಕದಲ್ಲಿ ಕಾಲಮ್ ಗುಂಡಿ ತೋಡಿದಾಗ ಪೈಪಿನ ಅಡಿಯ ಮಣ್ಣು ಸಡಿಲಾಗುತ್ತದೆ. ಒಂದು ತುಂಡು ಅರ್ಧ ಇಂಚು ಕುಸಿದರೂ ಸಾಕು, ಜಾಯಿಂಟ್ ಬಾಯಿ ಬಿಡುತ್ತದೆ. ಇನ್ನು ಕೆಲವರು ಪೈಪ್ ಆಳದಲ್ಲಿದೆ, ನಮ್ಮ ಪಾಯ ಮೇಲಿದೆ, ಏನೂ ಆಗಲ್ಲ ಅಂತಾರೆ. ಅದು ಇನ್ನೂ ಕೆಟ್ಟದ್ದು. ಪಾಯದ ಭಾರ ನೆಟ್ಟಗೆ ಕೆಳಗಿಳಿಯುವುದಿಲ್ಲ, ಇಳಿಯುತ್ತಾ ಎರಡೂ ಕಡೆ ಅಗಲವಾಗುತ್ತದೆ. ಹತ್ತಿರದ ಪೈಪ್ ಆ ಭಾರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಪೈಪಿನ ಹತ್ತಿರ ಬರುವ ಪಾಯ ಪೈಪಿನ ತಳಕ್ಕಿಂತ ಕೆಳಗೆ ಹೋಗಬೇಕು. ಇಲ್ಲಾ ಪೈಪಿನ ಎರಡೂ ಬದಿಗೆ ದೂರದಲ್ಲಿ ಕಾಲಮ್ ನಿಲ್ಲಿಸಿ, ಮೇಲಿಂದ ಬೀಮ್ ದಾಟಿಸಬೇಕು. ಖರ್ಚು ಜಾಸ್ತಿ, ಹೌದು. ಆದರೆ ಇದು ಪೈಪಿಗೆ ಮಾತ್ರ ಪರಿಹಾರ. ಚೇಂಬರಿಗೆ ಯಾವ ಬೀಮೂ ಪರಿಹಾರ ಅಲ್ಲ. ಅದರ ಮುಚ್ಚಳ ತೆರೆಯೋಕೆ ಮನುಷ್ಯ ಬಂದು ನಿಲ್ಲಬೇಕು.

ಮನೆಯೊಳಗೆ ಚೇಂಬರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತದೆ. ಜಾಸ್ತಿ ಆದರೆ ಮೂಗೇ ಕೆಲಸ ನಿಲ್ಲಿಸುತ್ತದೆ, ವಾಸನೆ ಹೋಯಿತು ಅಂತ ಸಮಾಧಾನ ಪಡುವ ಹಾಗಿಲ್ಲ. ಮನೆ ದೊಡ್ಡದು ಮಾಡುವಾಗ ಗೋಡೆಗೆ ಅಡ್ಡ ಬಂತು ಅಂತ ವೆಂಟ್ ಪೈಪ್ ಕತ್ತರಿಸಿ ಎಸೆಯುವವರನ್ನೂ ನೋಡಿದ್ದೇನೆ. ಆ ಗಾಳಿ ಮಾಳಿಗೆ ಮೇಲೆ ಹೋಗಲೆಂದೇ ಅದನ್ನು ಇಟ್ಟಿರೋದು. ಬೇಸಿಗೆಯಲ್ಲಿ ಬಳಸದ ಬಚ್ಚಲಿನ ಟ್ರ್ಯಾಪ್‌ನಲ್ಲಿ (ಗ್ಯಾಸ್ ತಡೆಯೋಕೆ ನೀರು ನಿಲ್ಲುವ ಬಾಗು ಪೈಪಿನಲ್ಲಿ) ನೀರು ಒಣಗಿದರೂ ಗ್ಯಾಸ್ ಒಳಗೆ ಬರುತ್ತದೆ. ಅದಕ್ಕೆ ಒಂದು ಚೊಂಬು ನೀರು ಸುರಿದರೆ ಆಯಿತು. ಚೇಂಬರಿಗೆ ಅಷ್ಟು ಸುಲಭದ ಮದ್ದಿಲ್ಲ.

ಮಾಳಿಗೆಯ ಮಳೆ ನೀರನ್ನು ತಂದು ಯುಜಿಡಿಗೆ ಬಿಡುವವರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಬೈಗುಳ ಆಗುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವ ಜಾಗ ಬೇರೆ. ಮುಚ್ಚಿದ ಚೇಂಬರಿನಿಂದಾಗಿ ಜೋರಾಗಿ ನೀರು ಹೊಡೆದು ಕಸ ತಳ್ಳುವ ಜೆಟ್ಟಿಂಗ್ ಗಾಡಿಯ ಪೈಪ್ ಸಂದಿಯೊಳಗೆ ಬರುವುದಿಲ್ಲ, ಪಟ್ಟಿ ಮುಟ್ಟುವುದಿಲ್ಲ. ಆಗ ಓಣಿಯವರು ಏನು ಮಾಡುತ್ತಾರೆ? ಯಾರನ್ನೋ ಕರೆದು, ಕೈಗೆ ಐನೂರು ರೂಪಾಯಿ ಇಟ್ಟು, "ಸ್ವಲ್ಪ ಇಳಿದು ನೋಡಪ್ಪ" ಅಂತಾರೆ. ಮಲ ಬಳಿಯುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೆ ರಕ್ಷಣಾ ಸಾಮಗ್ರಿ ಇಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದು ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಪರಿಹಾರ ಅಂದಿತ್ತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಾಯ್ದೆ ಬಂದು ಹತ್ತು ವರ್ಷವಾದರೂ ಪರಿಹಾರ ಏರಿಸುವ ಕೆಲಸ ಕೋರ್ಟಿಗೆ ಬಿತ್ತು ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ ಅಲ್ವಾ? ನಮ್ಮ ಅಡುಗೆಮನೆ ಆರು ಅಡಿ ಉದ್ದ ಆಗಲಿ ಅಂತ ಇನ್ನೊಬ್ಬರ ಮಗ ಯಾಕೆ ಗುಂಡಿಗೆ ಇಳಿಯಬೇಕು? "ನಂದೇ ಜಾಗ ಅದ, ನಂದೇ ರೊಕ್ಕ ಅದ" ಅನ್ನುವವರು ಇದಕ್ಕೆ ಉತ್ತರ ಹೇಳಲಿ.

ಕಾನೂನೇನೂ ಸುಮ್ಮನಿಲ್ಲ. 1976ರ ನಮ್ಮ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಚರಂಡಿ ಮೇಲೆ ಆಯುಕ್ತರ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದ್ದಾರೆ. ಅಲ್ಲಿ ಸಾರ್ವಜನಿಕ ಪೈಪಿನಿಂದ 3 ಮೀಟರ್ ಒಳಗೆ ಮನೆ ವಿಸ್ತರಿಸಬೇಕಾದರೆ ಮೊದಲು ನೀರು-ಒಳಚರಂಡಿ ಕಂಪನಿಯ ಒಪ್ಪಿಗೆ ಬೇಕು. ಹಲವು ಕಂಪನಿಗಳು ಕಟ್ಟುವ ಮೊದಲೂ ಕಟ್ಟಿದ ಮೇಲೂ ಪೈಪಿನೊಳಗೆ ಕ್ಯಾಮೆರಾ ಬಿಟ್ಟ ವಿಡಿಯೊ ಕೇಳುತ್ತವೆ. ಒಂದಕ್ಕಿಂತ ಹೆಚ್ಚು ಮನೆಗಳ ಲೈನಿನ ಮ್ಯಾನ್‌ಹೋಲ್ ಮೇಲೆ ಕಟ್ಟಬಾರದು ಅಂತ ಅವರ ಕಟ್ಟಡ ನಿಯಮಗಳ ಮಾರ್ಗದರ್ಶಿಯೇ ಹೇಳುತ್ತದೆ. 2011ರ ಅಕ್ಟೋಬರ್ 1ರಿಂದ ನೆರೆಹೊರೆ ಮನೆಗಳು ಹಂಚಿಕೊಂಡ ಹಿತ್ತಲ ಪೈಪುಗಳೂ ಬಹುತೇಕ ಕಂಪನಿಗಳ ಸುಪರ್ದಿಗೆ ಹೋದವು. ಹಾಗಾಗಿ ಹಿತ್ತಲ ಪೈಪ್ ಯಾರದ್ದು ಅನ್ನೋ ಜಗಳ ಅಲ್ಲಿ ಕಡಿಮೆ. ಅವರದ್ದೆಲ್ಲ ನಮಗೆ ಹೊಂದಲ್ಲ, ನಮ್ಮ ಸೈಟಿನಲ್ಲಿ ಎಲ್ಲಾ ಕಡೆ 3 ಮೀಟರ್ ಬಿಟ್ಟರೆ ಮನೆಯೇ ಉಳಿಯಲ್ಲ. ಆದರೆ ಮೊದಲು ಲೈನ್ ಎಲ್ಲಿದೆ ನೋಡು, ಆಮೇಲೆ ಗುದ್ದಲಿ ಎತ್ತು ಅನ್ನುವ ಕ್ರಮಕ್ಕೆ ಯಾವ ದೇಶವಾದರೇನು.

ಇಲ್ಲಿ ಕಟ್ಟಡ ಲೈಸೆನ್ಸ್ ಕೊಡುವವರನ್ನೂ ಬಿಡುವ ಹಾಗಿಲ್ಲ. ಒಂದು ಕಚೇರಿಯಲ್ಲಿ ನಾನು ಲೈನಿನ ನಕ್ಷೆ ಕೇಳಿದಾಗ ಅಲ್ಲಿದ್ದವರು, "ಹಳೇ ಲೈನ್‌ಮನ್‌ಗೆ ಗೊತ್ತಿತ್ತು, ಅವರು ರಿಟೈರ್ ಆದ್ರು" ಅಂದರು. ನಕ್ಷೆ ಒಬ್ಬ ಮನುಷ್ಯನ ತಲೆಯಲ್ಲಿತ್ತು, ಪಿಂಚಣಿ ಜೊತೆ ಹೋಯಿತು! ಮನೆಯ ಪ್ಲಾನಿನಲ್ಲಿ ದೇವರ ಕೋಣೆ ಯಾವ ದಿಕ್ಕಿಗೆ ಅಂತ ಬರೆಯುತ್ತೇವೆ. ಹಿತ್ತಲ ಪೈಪ್ ಎಲ್ಲಿ, ಚೇಂಬರ್ ಎಲ್ಲಿ, ಆಳ ಎಷ್ಟು ಅಂತ ಬರೆಯದೆ ಲೈಸೆನ್ಸ್ ಕೊಡಬಾರದು. ಈಗಾಗಲೇ ಮುಚ್ಚಿರುವ ಮನೆಗಳನ್ನು ಒಡೆದು ಹಾಕಿ ಅನ್ನುವವರ ಜೊತೆಗೂ ನಾನಿಲ್ಲ. ಚೇಂಬರ್ ಮುಚ್ಚಳ ಹೊರಗೆ ತೆಗೆಸಿ, ಆಗದಿದ್ದರೆ ಆ ಮನೆಯವರ ಖರ್ಚಿನಲ್ಲೇ ಲೈನ್ ತಿರುಗಿಸಿ ಹೊಸ ಚೇಂಬರ್ ಕಟ್ಟಿಸಿ, ಖರ್ಚಿಗೆ ಕಂತು ಕೊಡಿ. ಬಡವರ ತಗಡಿಗೆ ಮಾತ್ರ ಜೆಸಿಬಿ ತರಬೇಡಿ.

ನಕ್ಷೆ ಸಿಗದಿದ್ದರೂ ಲೈನ್ ಹುಡುಕುವುದು ದೊಡ್ಡ ವಿದ್ಯೆ ಅಲ್ಲ. ನಿಮ್ಮ ಮೇಲಿನ ಮನೆಯ ಚೇಂಬರ್, ಕೆಳಗಿನ ಮನೆಯ ಚೇಂಬರ್ ಎರಡರ ಮುಚ್ಚಳ ತೆರೆಸಿ. ತೆರೆದ ಕೂಡಲೇ ಬಗ್ಗಿ ನೋಡಬೇಡಿ, ಬೀಡಿ ಸಿಗರೇಟು ದೂರ ಇರಲಿ, ಸ್ವಲ್ಪ ಹೊತ್ತು ಗಾಳಿ ಆಡಲಿ. ಒಳಗೆ ಯಾರೂ ಇಳಿಯುವುದು ಬೇಡ. ಮೇಲಿನದರಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿದ ಒಂದು ಬಕೆಟ್ ನೀರು ಸುರಿಯಿರಿ. ಕೆಳಗಿನದರಲ್ಲಿ ನೀಲಿ ಕಂಡರೆ ಎರಡೂ ಒಂದೇ ಲೈನ್. ಒಂದರಿಂದ ಇನ್ನೊಂದಕ್ಕೆ ಗೌಂಡಿಯ ದಾರ ಹಿಡಿದರೆ ಪೈಪ್ ಸುಮಾರಾಗಿ ಅದರ ಕೆಳಗೇ ಇರುತ್ತದೆ. ಕೋಲು ಇಳಿಸಿ ಆಳ ಅಳೆಯಿರಿ, ಗೋಡೆ ಮೇಲೆ ಬರೆದಿಡಿ, ಫೋಟೊ ತೆಗೆಯಿರಿ. ಹೊಸ ಬಚ್ಚಲಿನ ಪೈಪ್ ಕೂಡಿಸುವಾಗ ಢಾಳ, ಅಂದರೆ ಇಳಿಜಾರು, ನೋಡಿ. ಹಳೇ ಗೌಂಡಿಗಳ ಲೆಕ್ಕ ಇದು: 4 ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿತ, 6 ಇಂಚಿಗೆ 60 ಅಡಿಗೆ ಒಂದು. ಹೊಸ ರೂಮು ತಗ್ಗಿನಲ್ಲಿ ಬಂದು ಇಷ್ಟು ಢಾಳ ಸಿಗದಿದ್ದರೆ ಅಲ್ಲಿ ಬಚ್ಚಲು ಬೇಡ, ಮಲಗುವ ಕೋಣೆ ಮಾಡಿಕೊಳ್ಳಿ.

ನಮ್ಮ ಕಾಕಾ ಹಿತ್ತಲಲ್ಲಿ ಇದೇ ರೀತಿ ದಾರ ಹಿಡಿದೆವು. ಚೇಂಬರ್ ಸರಿಯಾಗಿ ಹೊಸ ರೂಮಿನ ನಟ್ಟನಡುವೆ ಬಂತು. "ಏ ತಮ್ಮಾ, ಮ್ಯಾಲ ಟೈಲ್ಸ್ ಹಾಕಿಬಿಡು, ಯಾರಿಗ್ ಗೊತ್ತಾಗ್ತದ" ಅಂದರು. "ಕಾಕಾ, ಹಂಗಾದ್ರ ಬ್ಯಾರೆ ಗೌಂಡಿನ ನೋಡ್ರಿ" ಅಂದೆ. ಎರಡು ದಿನ ಮಾತು ಬಿಟ್ಟರು. ಆಮೇಲೆ ರೂಮು ನಾಲ್ಕು ಅಡಿ ಚಿಕ್ಕದಾಯಿತು, ಪಾಯ ಪೈಪಿನ ತಳಕ್ಕಿಂತ ಕೆಳಗೆ ಹೋಯಿತು, ಚೇಂಬರ್ ಹೊರಗೆ ಬಯಲಲ್ಲಿ ಉಳಿಯಿತು. ಅದಕ್ಕೆ ಇಬ್ಬರು ಎತ್ತಬಹುದಾದ ಮುಚ್ಚಳ ಹಾಕಿಸಿದೆವು. ವಾಷಿಂಗ್ ಮಷಿನ್ ಇಡೋಕೆ ಜಾಗ ಹೋಯಿತು ಅಂತ ಕಾಕುಗೆ ಈಗಲೂ ನನ್ನ ಮೇಲೆ ಸಿಟ್ಟಿದೆ. ಮಾಳಿಗೆ ಮೇಲೆ ಇಡಬಹುದು ಅಂತ ಹೇಳಿದ್ದೇನೆ. ನೀರು ಮೇಲೆ ಏರಲ್ಲ ಅಂತಾರೆ. ಅದಕ್ಕೊಂದು ಮೋಟರ್ ಕೂಡಿಸಬೇಕು, ಬರುವ ವಾರ ನೋಡುತ್ತೇನೆ.