ಸತ್ಯಾಂಶ: ಕಾರ್ಗೋ ಪೈಲಟ್‌ಗೆ ಬೇರೆ ಲೈಸೆನ್ಸ್ ಇಲ್ಲ

‘ಕಾರ್ಗೋ (ಸರಕು ವಿಮಾನ) ಪೈಲಟ್ ಆಗಲು ಕಡಿಮೆ ಗಂಟೆಗಳ ಹಾರಾಟ ಸಾಕು, ಮೆಡಿಕಲ್ ಸಡಿಲ, ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಹೋಗುವಂತಿಲ್ಲ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಮೂರೂ ತಪ್ಪು.

ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಸರಕು, ಪ್ರಯಾಣಿಕ ವಿಮಾನ ಎರಡಕ್ಕೂ ಒಂದೇ. 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ, ಜೊತೆಗೆ ಕ್ಲಾಸ್ 1 ಮೆಡಿಕಲ್ ಬೇಕು. ಟೈಪ್ ರೇಟಿಂಗ್ (ನಿರ್ದಿಷ್ಟ ವಿಮಾನ ಹಾರಿಸುವ ಅರ್ಹತೆ) ವಿಮಾನದ ಮಾದರಿಗೆ ಸಿಗುತ್ತದೆ, ಅದು ಹೊರುವ ಹೊರೆಗಲ್ಲ. ಬೋಯಿಂಗ್ 737 ಕಲಿತವರು ಎರಡೂ ಕಡೆ ಅರ್ಜಿ ಹಾಕಬಹುದು.

ವ್ಯತ್ಯಾಸ ಇರುವುದು ಕೆಲಸದಲ್ಲಿ. ಕಾರ್ಗೋದಲ್ಲಿ ರಾತ್ರಿ ಹಾರಾಟವೇ ಹೆಚ್ಚು. ನಸುಕಿನ 2ರಿಂದ 6ರವರೆಗೆ ದೇಹದ ಎಚ್ಚರ ತೀರಾ ಕುಗ್ಗಿರುತ್ತದೆ. ಹಗಲು ನಿದ್ದೆ ಬಾರದವರಿಗೆ ಇದು ನಿಜಕ್ಕೂ ಕಷ್ಟ. ಸರಕೂ ಸುಮ್ಮನಿರುವುದಿಲ್ಲ: 2013ರಲ್ಲಿ ಅಫ್ಘಾನಿಸ್ತಾನದ ಬಾಗ್ರಾಂನಲ್ಲಿ ಟೇಕಾಫ್ ಆಗುತ್ತಿದ್ದಂತೆ ಒಳಗಿದ್ದ ಮಿಲಿಟರಿ ವಾಹನ ಕಟ್ಟು ಬಿಚ್ಚಿ ಹಿಂದಕ್ಕೆ ಸರಿದು ಬೋಯಿಂಗ್ 747 ಸರಕು ವಿಮಾನ ಬಿತ್ತು, ಅದರಲ್ಲಿದ್ದ ಏಳೂ ಮಂದಿ ಸತ್ತರು. ಹೊರಡುವ ಮುನ್ನ ಕ್ಯಾಪ್ಟನ್ ಕೈಗೆ ಬರುವ ನೋಟಾಕ್ ಹಾಳೆಯಲ್ಲಿ ಅಪಾಯಕಾರಿ ಸರಕಿನ ಯುಎನ್ ಸಂಖ್ಯೆ (ಅದು ಯಾವ ವಸ್ತು ಎಂದು ಗುರುತಿಸುವ ಸಂಖ್ಯೆ), ಪ್ರಮಾಣ, ಇಟ್ಟ ಜಾಗ ಇರುತ್ತದೆ. ಅದನ್ನು ಸಾಲುಸಾಲಾಗಿ ಓದಲೇಬೇಕು.

ಭಾರತದಲ್ಲಿ ಸರಕು ವಿಮಾನಗಳು ಬೆರಳೆಣಿಕೆಯಷ್ಟು, ಹಾಗಾಗಿ ಹೊಸಬರಿಗೆ ಅವಕಾಶ ಹೆಚ್ಚಿರುವುದು ಪ್ರಯಾಣಿಕರ ಕಂಪನಿಗಳಲ್ಲೇ. ಆಫರ್ ಬಂದರೆ ಸಂಬಳಕ್ಕೂ ಮೊದಲು ಬೇಸ್ (ಕೆಲಸದ ನೆಲೆ) ಯಾವ ಊರು, ತಿಂಗಳಿಗೆ ಎಷ್ಟು ರಾತ್ರಿ ಹಾರಾಟ, ಬಾಂಡ್ (ಕೆಲಸ ಬಿಡದಿರುವ ಕರಾರು) ಎಷ್ಟು ವರ್ಷ ಎಂದು ಕೇಳಿ.