ಅಕ್ಕನ ಮಗನ ಪೋಸ್ಟರ್ ಮತ್ತು ನನ್ನ ಕಿವಿನೋವು

ಮೊನ್ನೆ ಅಕ್ಕನ ಮಗ ವಾಟ್ಸಾಪಿನಲ್ಲಿ ಸ್ಕೂಬಾದ, ಅಂದರೆ ಬೆನ್ನಿಗೆ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವುದರ, ಒಂದು ಪೋಸ್ಟರ್ ಕಳಿಸಿದ. ನೀರೊಳಗೆ ಹೆಬ್ಬೆರಳು ಎತ್ತಿ ತೋರಿಸುತ್ತಿರುವ ಹುಡುಗ, ಪಕ್ಕದಲ್ಲಿ ಹಳದಿ ಮೀನು, ಕೆಳಗೆ ದಪ್ಪ ಅಕ್ಷರದಲ್ಲಿ ‘ಈಜು ಬರಬೇಕಾಗಿಲ್ಲ, ಫೋಟೋ ವಿಡಿಯೋ ಫ್ರೀ’. ಜೊತೆಗೊಂದು ಮೆಸೇಜು: “ಚಿಕ್ಕಮ್ಮ, ನಾವು ಆರು ಜನ ಮುರುಡೇಶ್ವರಕ್ಕೆ ಹೋಗ್ತಿದೀವಿ. ಇದೇ ಎಲ್ಲಕ್ಕಿಂತ ಕಮ್ಮಿ ರೇಟು. ಬುಕ್ ಮಾಡ್ಲಾ?”

ನನಗೆ ನಗು ಬಂತು. ಸ್ಕೂಬಾದಲ್ಲಿ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತ ಅರ್ಥ ಅಲ್ಲ. ‘ನನ್ನನ್ನು ಮೇಲಕ್ಕೆ ಕರ್ಕೊಂಡು ಹೋಗಿ’ ಅಂತ. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಪೋಸ್ಟರಿನ ಹುಡುಗ ಪಾಪ, ಮೇಲೆ ಹೋಗಬೇಕು ಅಂತ ಬೇಡಿಕೊಳ್ಳುತ್ತಿದ್ದನೋ ಏನೋ.

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇದೇ ಪ್ರಶ್ನೆ ನಾಲ್ಕೈದು ಜನರಿಂದಾದರೂ ಬರುತ್ತದೆ.

ನಾನು ಮೊದಲ ಸಲ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋದದ್ದೂ ಇಂಥದೇ ಪೋಸ್ಟರ್ ನೋಡಿ. ದಡದಿಂದ ಸುಮಾರು 19 ಕಿಲೋಮೀಟರ್. ಮುರುಡೇಶ್ವರದ 123 ಅಡಿ ಎತ್ತರದ ಶಿವ ಹಿಂದೆ ಹಿಂದೆ ಸರಿದು ಬೆರಳಿನಷ್ಟಾಗುವ ಹೊತ್ತಿಗೆ ಬೋಟಿನಲ್ಲಿದ್ದ ಅರ್ಧ ಜನ ವಾಂತಿ ಮಾಡಿಕೊಂಡಿದ್ದರು. ಹೇಳಿಕೊಟ್ಟದ್ದು ಹತ್ತು ನಿಮಿಷ. ಅದರಲ್ಲೂ ಅರ್ಧ ವಿಡಿಯೋದಲ್ಲಿ ಹೇಗೆ ಕಾಣಬೇಕು ಅನ್ನೋದರ ಬಗ್ಗೆ. ಆಮೇಲೆ ಒಬ್ಬ ಹುಡುಗ ನನ್ನ ಸಿಲಿಂಡರ್ ಹಿಡಿದು, ಬೆಕ್ಕು ಮರಿಯ ಕತ್ತು ಕಚ್ಚಿ ಒಯ್ಯುವ ಹಾಗೆ ಕೆಳಗೆ ಒಯ್ದ. ಕಿವಿ ಚುಚ್ಚತೊಡಗಿತು. ಅವನು ಉಂಗುರ ಮಾಡಿ ತೋರಿಸಿ ‘ಸರಿ ಇದ್ದೀರಾ’ ಅಂತ ಕೇಳಿದ. ನಾನು ಹೂಂ ಅಂತ ತಲೆ ಆಡಿಸಿದೆ. ಮದುವೆ ಮನೆಯಲ್ಲಿ ‘ಊಟ ಆಯ್ತಾ’ ಅಂದರೆ ಆಗದಿದ್ದರೂ ಆಡಿಸುತ್ತೇವಲ್ಲ, ಹಾಗೆ. ಮುಂದಿನ ನಾಲ್ಕು ದಿನ ಕಿವಿ ಮಂಕು. ಡಾಕ್ಟರ್ ಟಾರ್ಚ್ ಹಾಕಿ ನೋಡಿ, “ಮೀನು ಚೆನ್ನಾಗಿತ್ತಾ?” ಅಂದರು.

ಮೀನು ಚೆನ್ನಾಗಿತ್ತು. ಅದೇ ತೊಂದರೆ ಆದದ್ದು. ಮತ್ತೆ ಹೋಗಬೇಕು ಅನ್ನಿಸಿತು.

ಆಗ ಗೊತ್ತಾಯಿತು, ನಾನು ಮಾಡಿದ್ದು ಸ್ಕೂಬಾ ಕಲಿಕೆಯೇ ಅಲ್ಲ. ಅದು ‘ಟ್ರೈ ಡೈವ್’. ಜಾತ್ರೆಯಲ್ಲಿ ಕುದುರೆ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸುತ್ತಾರಲ್ಲ, ಅದರ ಹಾಗೆ. ಸುತ್ತು ಹಾಕೋದು ತಪ್ಪಲ್ಲ. ಆದರೆ ಇಳಿದ ಮೇಲೆ ‘ನನಗೆ ಕುದುರೆ ಸವಾರಿ ಬರುತ್ತೆ’ ಅನ್ನಬಾರದು ಅಷ್ಟೇ.

ನಿಜವಾಗಿ ಕಲಿಯಬೇಕು ಅಂದರೆ ಶುರು ಮಾಡುವುದು ‘ಓಪನ್ ವಾಟರ್ ಡೈವರ್’ ಕೋರ್ಸಿನಿಂದ. ಓದುವ ಪಾಠ, ಈಜುಕೊಳದ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಪಾಸಾದರೆ ಜೊತೆಗಾರರೊಬ್ಬರ ಸಂಗಡ 18 ಮೀಟರ್ ಆಳದವರೆಗೆ ಇಳಿಯಬಹುದು. ಡೈವಿಂಗ್ ಕಲಿತವರಿಗೆ ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಪ್ಯಾಡಿ ಒಳ್ಳೆಯದಾ, ಎಸ್‌ಎಸ್‌ಐ ಒಳ್ಳೆಯದಾ ಅಂತ ಎಲ್ಲರೂ ಕೇಳುತ್ತಾರೆ. ಪ್ಯಾಡಿ 1966ರದ್ದು, ಎಸ್‌ಎಸ್‌ಐ 1970ರದ್ದು. ಎರಡರ ಕಾರ್ಡನ್ನೂ ಜಗತ್ತಿನೆಲ್ಲೆಡೆ ಒಪ್ಪುತ್ತಾರೆ. ಈ ಚರ್ಚೆಗೆ ಎರಡು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಕಲಿಸುವವರು ಯಾರು ಅಂತ ಕೇಳಿ.

ಈಜಿನ ವಿಷಯಕ್ಕೆ ಬರುತ್ತೇನೆ. ಟ್ರೈ ಡೈವಿಗೆ ಈಜು ಬೇಡ ಅನ್ನುವುದು ಸುಳ್ಳಲ್ಲ. ಆದರೆ ಕೋರ್ಸಿಗೆ 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ತೇಲಬೇಕು. ಹೊತ್ತಿನ ಲೆಕ್ಕ ಇಲ್ಲ, ಆಮೆಯ ಹಾಗೆ ಹೋದರೂ ನಡೆಯುತ್ತದೆ. ನಾನು ಚಿಕ್ಕವಳಿದ್ದಾಗ ತಿಪಟೂರಿನ ಹತ್ತಿರ ಅಜ್ಜಿ ಮನೆ ಬಾವಿಯಲ್ಲಿ ಈಜುಬುರುಡೆ ಕಟ್ಟಿಕೊಂಡು ಕಲಿತವಳು. ಬಾವಿಯಲ್ಲಿ ಗುಂಡಗೆ ಸುತ್ತೋದೇ ಅಭ್ಯಾಸ. ಈಜುಕೊಳದಲ್ಲಿ ನೆಟ್ಟಗೆ ಹೋಗಲು ಒಂದು ತಿಂಗಳು ಹಿಡಿಯಿತು. ಆ ಒಂದು ತಿಂಗಳ ಫೀಸು ಕೋರ್ಸಿನ ಅರ್ಧ ಭಯವನ್ನು ಕಳೆಯಿತು.

ಮಿಕ್ಕ ಅರ್ಧ ಭಯ ಕಣ್ಣು, ಮೂಗು ಮುಚ್ಚುವ ಮಾಸ್ಕಿನದ್ದು. ನೀರೊಳಗೆ ಮಾಸ್ಕ್ ಪೂರ್ತಿ ತೆಗೆದು, ಒಂದು ನಿಮಿಷ ಬಾಯಲ್ಲೇ ಉಸಿರಾಡಿ, ಮತ್ತೆ ಹಾಕಿಕೊಂಡು, ಮೂಗಿನಿಂದ ಗಾಳಿ ಊದಿ ಒಳಗಿನ ನೀರು ಹೊರಹಾಕಬೇಕು. ಓದಲು ಸುಲಭ. ಮೊದಲ ದಿನ ಮೂಗಿಗೆ ನೀರು ಹತ್ತಿ, ಎದೆ ಮಟ್ಟದ ನೀರಿನಲ್ಲಿ ಕೈಕಾಲು ಬಡಿದು ಎದ್ದು ನಿಂತೆ. ಪಕ್ಕದ ಲೇನಿನಲ್ಲಿ ಈಜು ಕಲಿಯುತ್ತಿದ್ದ ಮಕ್ಕಳು ಬಾಯಿ ಬಿಟ್ಟು ನೋಡಿದವು. ನಮ್ಮ ಸರ್ ಏನೂ ಅನ್ನಲಿಲ್ಲ. ಮಾಸ್ಕ್ ಕಸಿದುಕೊಂಡು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಸಿ, ಮುಖವನ್ನು ಮಾತ್ರ ನೀರಿಗಿಟ್ಟು ಸುಮ್ನೆ ಉಸಿರಾಡು ಅಂದರು. ಇಪ್ಪತ್ತು ನಿಮಿಷ ಅದೇ ಕೆಲಸ. ಎರಡನೇ ದಿನವೂ ಅದೇ. ಮೂರನೇ ದಿನ ಆಯಿತು. “ಸರ್, ನನಗೋಸ್ಕರ ಬ್ಯಾಚು ತಡ ಆಗ್ತಿದೆ” ಅಂದರೆ, “ಮೇಡಂ, ಸಮುದ್ರ ಎಲ್ಲೂ ಓಡಿ ಹೋಗಲ್ಲ” ಅಂದರು. ಒಳ್ಳೆಯ ಗುರುವನ್ನು ಗುರುತಿಸುವುದು ಹೇಗೆ ಅಂತ ಕೇಳಿದವರಿಗೆಲ್ಲ ನಾನು ಈ ಮಾತನ್ನೇ ಹೇಳುತ್ತೇನೆ.

ಇಷ್ಟೊಂದು ಯಾಕೆ ತಿದ್ದಿಸುತ್ತಾರೆ ಅಂದರೆ, ಗಾಬರಿಯಾದವರು ಮೊದಲು ಮಾಡುವ ಕೆಲಸ ಉಸಿರು ಬಿಗಿ ಹಿಡಿದು ಮೇಲಕ್ಕೆ ನುಗ್ಗುವುದು. ಸ್ಕೂಬಾದಲ್ಲಿ ಮಾಡಲೇಬಾರದ ಕೆಲಸವೂ ಅದೇ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಕಟ್ಟಿದ ಬಲೂನು ಹೇಗೋ ಶ್ವಾಸಕೋಶವೂ ಹಾಗೇ. ಈಜುಕೊಳದ ಆಳದಲ್ಲೂ ಈ ಅಪಾಯ ಇದೆ. ಕಿವಿಯದ್ದೂ ಒತ್ತಡದ್ದೇ ಕಥೆ. ಇಳಿಯುತ್ತಾ ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು, ನೋವು ಬರುವ ಮೊದಲೇ. ನೋವು ಬಂದಮೇಲೆ ಊದಿದರೆ ತಡವಾಯಿತು. ನೆಗಡಿ ಇದ್ದರೆ ಇಳಿಯಲೇಬಾರದು. ಅಂದಹಾಗೆ ಬೆನ್ನ ಮೇಲಿರುವುದು ಆಕ್ಸಿಜನ್ ಸಿಲಿಂಡರ್ ಅಲ್ಲ. ಒತ್ತಿ ತುಂಬಿದ ಮಾಮೂಲಿ ಗಾಳಿ.

ಹಾಗಾಗಿ ಅಕ್ಕನ ಮಗನಿಗೆ ಹೇಳಿದೆ, ರೇಟು ಆಮೇಲೆ ಕೇಳು. ಮೊದಲು ನೀರೊಳಗೆ ಒಬ್ಬರ ಕೈಯಲ್ಲಿ ಎಷ್ಟು ಜನ ಅಂತ ಕೇಳು. ಆಳಕ್ಕೆ ಒಯ್ಯುವ ಮುಂಚೆ ಆಳವಿಲ್ಲದ ಕಡೆ ಉಸಿರಾಟ ಅಭ್ಯಾಸ ಮಾಡಿಸ್ತಾರಾ ಕೇಳು. ಆರೋಗ್ಯದ ಫಾರಂ ಕೊಡ್ತಾರಾ, ಕೊಟ್ಟರೆ ಓದ್ತಾರಾ? ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ? ಅದು ನಿಜವಾಗಿ ಆಕ್ಸಿಜನ್, ತುರ್ತಿಗೆ. ಬೆಳಿಗ್ಗೆ ಸಮುದ್ರ ಕೆಟ್ಟಿದ್ದರೆ ದುಡ್ಡು ವಾಪಸ್ ಕೊಡ್ತಾರಾ? ದುಡ್ಡು ವಾಪಸ್ ಕೊಡದವರು ಕೆಟ್ಟ ಸಮುದ್ರಕ್ಕೂ ಕರ್ಕೊಂಡು ಹೋಗಬಹುದು ಅನ್ನುವುದು ನನ್ನ ಅನುಮಾನ.

ಕೋರ್ಸ್ ಮಾಡುವವರಿಗೆ ಇನ್ನೊಂದು ಅನುಕೂಲ ಇದೆ. ಪಾಠ, ಈಜುಕೊಳದ ಅಭ್ಯಾಸ ಬೆಂಗಳೂರಿನಲ್ಲೇ ವಾರಾಂತ್ಯಗಳಲ್ಲಿ ಮುಗಿಸಿ, ಸಮುದ್ರದ ನಾಲ್ಕು ಡೈವನ್ನು ನೇತ್ರಾಣಿಯಲ್ಲೋ ಪುದುಚೇರಿಯಲ್ಲೋ ಅಂಡಮಾನಿನಲ್ಲೋ ಮಾಡಬಹುದು. ನಾನು ನೇತ್ರಾಣಿಗೇ ಹೋದೆ. ಅಂಡಮಾನಿನ ನೀರು ಹೆಚ್ಚು ತಿಳಿ ಅನ್ನುವುದು ನಿಜ. ಆದರೆ ನಮ್ಮ ಸಮುದ್ರ ಸ್ವಲ್ಪ ಕಲಕಿದ್ದಾಗಲೂ ಕಲಿತರೆ ಮುಂದೆ ಎಲ್ಲಿಯೂ ಹೆದರಿಕೆ ಇರುವುದಿಲ್ಲ. ಇದು ನನ್ನ ಅಭಿಪ್ರಾಯ, ಊರಿನ ಅಭಿಮಾನವೂ ಸ್ವಲ್ಪ ಸೇರಿರಬಹುದು.

ಡೈವ್ ಮುಗಿದ ಸಂಜೆಯ ವಿಷಯ ಮಾತ್ರ ನನಗೆ ಮೊದಲು ಯಾರೂ ಹೇಳಿರಲಿಲ್ಲ. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಜಾಸ್ತಿ ಕರಗಿರುತ್ತದೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅದಕ್ಕೆ ಮೊದಲೇ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಮೈಯೊಳಗೇ ಗುಳ್ಳೆಯಾಗಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ವಿಮಾನ ಹತ್ತಬಾರದು. ನಮಗೇನು, ಬಸ್ಸಿನಲ್ಲಿ ಹೋಗ್ತೀವಿ ಅಂದುಕೊಂಡಿದ್ದೆ. ಬೆಂಗಳೂರು ಇರುವುದೇ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ. ವಿಮಾನದ ಈ ಲೆಕ್ಕ ಎರಡು ಸಾವಿರ ಅಡಿಯಿಂದಲೇ ಶುರು. ಘಟ್ಟ ಹತ್ತೋದೂ ಒಂದು ರೀತಿಯಲ್ಲಿ ವಿಮಾನ ಹತ್ತಿದ ಹಾಗೇ. ನಮ್ಮ ಸರ್ ಭಾನುವಾರ ರಾತ್ರಿಯ ಬಸ್ಸು ಕ್ಯಾನ್ಸಲ್ ಮಾಡಿಸಿದರು. ಸೋಮವಾರದ ರಜೆ ಹೋಯಿತು ಅಂತ ಗೊಣಗಿಕೊಂಡೇ ಉಳಿದೆ. ಮ್ಯಾನೇಜರಿಗೆ ಸಾರಜನಕ ಅಂತ ಹೇಳಿದರೆ ನಂಬುತ್ತಾರಾ? ಹೊಟ್ಟೆನೋವು ಅಂದೆ.

ಅಕ್ಕನ ಮಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಮೂರು ಕಡೆ ವಿಚಾರಿಸಿದನಂತೆ. ಪೋಸ್ಟರಿನವರು “ಅದೆಲ್ಲ ನಮ್ಮ ಹುಡುಗರು ನೋಡ್ಕೋತಾರೆ ಬಾಸ್” ಅಂದರಂತೆ. ಇನ್ನೊಂದು ಕಡೆಯವರು ಮೊದಲೇ ಫಾರಂ ಕಳಿಸಿದರು. ಆರೂ ಜನ ರೂಮಿನಲ್ಲಿ ಕೂತು ತುಂಬಿದ್ದಾರೆ. ಅದರಲ್ಲಿ ಅಸ್ತಮಾ ಇದೆಯಾ ಅನ್ನುವ ಪ್ರಶ್ನೆಗೆ ಒಬ್ಬ ಹುಡುಗ ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದನಂತೆ, ಆಮೇಲೆ ಬ್ಯಾಗಿನಿಂದ ಇನ್‌ಹೇಲರ್ ತೆಗೆದು ಮೇಜಿನ ಮೇಲಿಟ್ಟನಂತೆ. ಮೂರು ವರ್ಷದಿಂದ ಒಂದೇ ರೂಮು. ಯಾರಿಗೂ ಗೊತ್ತಿರಲಿಲ್ಲ. ಈಗ ಅವನು ಮೊದಲು ಡಾಕ್ಟರ ಹತ್ತಿರ ಹೋಗುತ್ತಾನೆ. ಟ್ರಿಪ್ಪನ್ನು ಎರಡು ವಾರ ಮುಂದಕ್ಕೆ ಹಾಕಿದ್ದಾರೆ.